ಕ್ಯಾಮೆರಾವನ್ನು ಬೀರುವಿನಲ್ಲಿಟ್ಟು ಊರು ನೋಡಲು ಹೋದವನು



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಇದ್ದಾಗ ಓದಿ.

ನಮ್ಮ ಹುಡುಗ ಹುಡುಗಿಯರು ಈಗ ಫೋಟೊಗ್ರಫಿಗೆ ಬರ್ತಿದ್ದಾರೆ. ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದ್ತಿರುವವರು, ಮದುವೆ ಛತ್ರಗಳಲ್ಲಿ ಲೈಟು ಹಿಡಿದು ಕೆಲಸ ಕಲಿತವರು, ಏಪ್ರಿಲ್ 14ರ ಮೆರವಣಿಗೆಯನ್ನು ಬರೀ ಮೊಬೈಲಿನಲ್ಲೇ ಎದೆ ಝಲ್ಲೆನ್ನುವ ಹಾಗೆ ತೆಗೆದು ಹಾಕುವವರು. ಅವರು ನನ್ನನ್ನು ಕೇಳೋದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಅಣ್ಣ, ಯಾವ ಕ್ಯಾಮೆರಾ ತಗೊಳ್ಳಲಿ? ಸಾಲ ಮಾಡಿ ದೊಡ್ಡದೇ ತಗೊಂಡ್ರೆ ನನ್ನದೇ ಅಂತ ಒಂದು ಸ್ಟೈಲ್ ಬರುತ್ತಾ?"

ಕ್ಯಾಮೆರಾ ಬೆಲೆ ಹೇಳೋಕೆ ಅಂಗಡಿಯವರಿದ್ದಾರೆ. ಸ್ಟೈಲಿನ ಪ್ರಶ್ನೆಗೆ ನಾನು ಇತಿಹಾಸದಿಂದ ಉತ್ತರ ಕೊಡ್ತೀನಿ. ಅಮೆರಿಕದ ಕಪ್ಪುಜನರ ಇತಿಹಾಸದಿಂದ. ಅದ್ಯಾಕೆ ಅಷ್ಟು ದೂರ ಹೋಗ್ಬೇಕು ಅನ್ನುವವರಿಗೆ ಒಂದು ಮಾತು. 1946ರಲ್ಲಿ ಬಾಬಾಸಾಹೇಬರು ಕಪ್ಪುಜನರ ಚಿಂತಕ ಡಬ್ಲ್ಯೂ.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ನೀಗ್ರೋಗಳ ಸಮಸ್ಯೆಯನ್ನು ತಾನು ಓದಿಕೊಂಡಿದ್ದೇನೆ, ಅವರ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಬಹಳ ಸಾಮ್ಯ ಇದೆ, ಅವರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕಳಿಸಿಕೊಡಿ ಅಂತ. 1972ರಲ್ಲಿ ಮುಂಬೈನ ನಮ್ಮ ಹುಡುಗರು ದಲಿತ್ ಪ್ಯಾಂಥರ್ಸ್ ಅನ್ನುವ ಹೆಸರನ್ನು ತಗೊಂಡಿದ್ದೂ ಅಲ್ಲಿಂದಲೇ. ಹಾಗಾಗಿ ಆ ದಾರಿ ನಮಗೆ ಹೊಸದಲ್ಲ.

ಗಾರ್ಡನ್ ಪಾರ್ಕ್ಸ್ ಹುಟ್ಟಿದ್ದು 1912ರಲ್ಲಿ, ಕಾನ್ಸಾಸ್ ರಾಜ್ಯದ ಫೋರ್ಟ್ ಸ್ಕಾಟ್ ಅನ್ನುವ ಊರಿನಲ್ಲಿ. ಹದಿನೈದು ಮಕ್ಕಳಲ್ಲಿ ಕೊನೆಯವನು. ಹದಿಹರೆಯದಲ್ಲೇ ತಾಯಿ ತೀರಿಕೊಂಡರು. ಅಕ್ಕನ ಮನೆಗೆ ಕಳಿಸಿದರು, ಅಲ್ಲಿ ಭಾವ ಹೊರಗೆ ಹಾಕಿದ. ಪಿಯಾನೊ ನುಡಿಸಿ, ಹೋಟೆಲಿನಲ್ಲಿ ತಟ್ಟೆ ಎತ್ತಿ, ಸಿಕ್ಕ ಕೂಲಿ ಮಾಡಿ ಬದುಕಿದವನು. ಮೂವತ್ತರ ದಶಕದಲ್ಲಿ ರೈಲಿನ ಊಟದ ಬೋಗಿಯಲ್ಲಿ ಸರ್ವರ್ ಆದ. ಬಿಳಿ ಪ್ರಯಾಣಿಕರು ಓದಿ ಬಿಟ್ಟುಹೋದ ಒಂದು ಪತ್ರಿಕೆ ಕೈಗೆ ಸಿಕ್ಕಿತು. ಅದರಲ್ಲಿ ಬರಗಾಲದಿಂದ ಊರುಬಿಟ್ಟ ಕೂಲಿ ರೈತರ ಫೋಟೊಗಳಿದ್ದವು. ಅಮೆರಿಕ ಸರ್ಕಾರದ ಕೃಷಿ ಭದ್ರತಾ ಆಡಳಿತ ಅನ್ನುವ ಇಲಾಖೆಗೆ ಕೆಲಸ ಮಾಡುತ್ತಿದ್ದ ಫೋಟೊಗ್ರಾಫರ್‌ಗಳು ತೆಗೆದವು. ಪಾರ್ಕ್ಸ್ ಆ ಪತ್ರಿಕೆಯನ್ನು ಮನೆಗೆ ತಗೊಂಡು ಹೋಗಿ ಮತ್ತೆ ಮತ್ತೆ ನೋಡಿದ. ಬಡತನದ ವಿರುದ್ಧ ಹೀಗೂ ಮಾತಾಡಬಹುದಾ ಅಂತ ಅನ್ನಿಸಿತು.

ಸಿಯಾಟಲ್ ಊರಿನ ಗಿರವಿ ಅಂಗಡಿಯಲ್ಲಿ ಒಂದು ಹಳೇ ಕ್ಯಾಮೆರಾ ಕೊಂಡ. ಫೋಕ್ಟ್‌ಲೆಂಡರ್ ಬ್ರಿಲಿಯಂಟ್ ಅಂತ ಅದರ ಹೆಸರು. ಹೆಸರು ಜೋರಾಗಿದೆ, ಆದರೆ ಅದು ಸಾಧಾರಣ ಡಬ್ಬ. ಯಾರೋ ಕಷ್ಟಕ್ಕೆ ಅಡವಿಟ್ಟು ಬಿಡಿಸಿಕೊಳ್ಳಲಾಗದೆ ಹೋದ ಮಾಲು. ಆಗ ಅವನಿಗೆ ಇಪ್ಪತ್ತೈದು ವರ್ಷ. ಹೇಳಿಕೊಡುವ ಗುರು ಇರಲಿಲ್ಲ. ಮೊದಲ ರೋಲುಗಳನ್ನು ತೊಳೆಸಲು ಕೊಟ್ಟ ಅಂಗಡಿಯವರೇ ಮೆಚ್ಚಿದರು. ಹೀಗೆ ಬೆಳೆದು ಬೆಳೆದು, 1942ರಲ್ಲಿ ಒಂದು ಫೆಲೋಶಿಪ್ ಸಿಕ್ಕಿ, ಯಾವ ಇಲಾಖೆಯ ಚಿತ್ರಗಳನ್ನು ರೈಲಿನಲ್ಲಿ ನೋಡಿದ್ದನೋ ಅದೇ ಇಲಾಖೆಗೆ, ವಾಷಿಂಗ್ಟನ್ನಿಗೆ ಬಂದ.

ಇಲ್ಲಿ ನಿಧಾನವಾಗಿ ಓದಿ. ಅಲ್ಲಿನ ಫೋಟೊ ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್. ಬಿಳಿಯ. ತಾನೇನೂ ಫೋಟೊಗ್ರಾಫರ್ ಅಲ್ಲ, ಅರ್ಥಶಾಸ್ತ್ರ ಪಾಠ ಮಾಡಿದವನು. ಅವನು ಹೊಸ ಹುಡುಗನಿಗೆ ಕೊಟ್ಟ ಮೊದಲ ಕೆಲಸ: ಕ್ಯಾಮೆರಾಗಳನ್ನು ಈ ಬೀರುವಿನಲ್ಲಿಟ್ಟು ಊರು ನೋಡ್ಕೊಂಡು ಬಾ. ಒಂದು ಅಂಗಡಿಯಲ್ಲಿ ಏನಾದರೂ ತಿನ್ನು, ಒಂದು ಸಿನಿಮಾ ನೋಡು, ದೊಡ್ಡ ಬಟ್ಟೆ ಅಂಗಡಿಗೆ ಹೋಗಿ ಒಂದು ಕೋಟು ಕೊಂಡುಕೋ.

ಪಾರ್ಕ್ಸ್ ಹೋದ. ತಿಂಡಿ ಅಂಗಡಿಯವನು ಹಿಂಬಾಗಿಲಿಗೆ ಬಾ ಅಂದ. ಸಿನಿಮಾ ಮಂದಿರದಲ್ಲಿ ಒಳಗೆ ಬಿಡಲಿಲ್ಲ. ಬಟ್ಟೆ ಅಂಗಡಿಯಲ್ಲಿ ಕೋಟು ತೋರಿಸುವವರೇ ಇಲ್ಲ. ದೇಶದ ರಾಜಧಾನಿ, ಹಿಟ್ಲರನ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಯುದ್ಧ ಮಾಡ್ತಿದ್ದ ದೇಶ. ನಮ್ಮಲ್ಲಿ ಹೋಟೆಲಿನ ಹೊರಗೆ ಬೇರೆ ಲೋಟ ಇಟ್ಟಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಾರ್ಕ್ಸ್ ಕುದಿಯುತ್ತಾ ವಾಪಸ್ ಬಂದು ಕ್ಯಾಮೆರಾ ಕೇಳಿದ. ಇದನ್ನು ಫೋಟೊದಲ್ಲಿ ಹೇಗೆ ಹೇಳ್ತೀಯ ಅಂತ ಸ್ಟ್ರೈಕರ್ ಕೇಳಿದ. ಜಾತಿ ಮಾಡುವವನ ಮುಖ ತೆಗೆದು ಕೆಳಗೆ 'ಜಾತಿವಾದಿ' ಅಂತ ಬರೆದರೆ ಆಗಲ್ಲ, ಅವನ ಮುಖವೂ ಎಲ್ಲರ ಮುಖದ ಹಾಗೇ ಇರುತ್ತೆ. ಈ ಊರಿನಲ್ಲೇ ಬದುಕು ಸವೆಸಿದ ನಿನ್ನ ಜನರ ಹತ್ತಿರ ಮಾತಾಡು ಅಂದ. ಅದೇ ಕಟ್ಟಡದಲ್ಲಿ, ಸಾಹೇಬರೆಲ್ಲ ಮನೆಗೆ ಹೋದಮೇಲೆ ನೆಲ ಒರೆಸುತ್ತಿದ್ದ ಒಬ್ಬ ಹೆಂಗಸನ್ನು ತೋರಿಸಿದ.

ಎಲ್ಲಾ ವಾಟ್ಸನ್ ಅಂತ ಆಕೆಯ ಹೆಸರು. ಸರ್ಕಾರಿ ಕಚೇರಿಯ ಸಫಾಯಿ ಕೆಲಸದವರು. ವರ್ಷಕ್ಕೆ 1,080 ಡಾಲರ್ ಸಂಬಳ. ಪಾರ್ಕ್ಸ್ ಬರೆದಿರುವಂತೆ, ಆಕೆಯ ತಂದೆಯನ್ನು ಬಿಳಿಯರ ಗುಂಪು ಕೊಂದಿತ್ತು, ಗಂಡ ಗುಂಡೇಟಿನಿಂದ ಸತ್ತಿದ್ದ, ಮಗಳು ತೀರಿಕೊಂಡು ಮೊಮ್ಮಕ್ಕಳನ್ನು ತಾನೇ ಸಾಕುತ್ತಿದ್ದರು. ಪಾರ್ಕ್ಸ್ ಮೊದಲು ಮಾತಾಡಿಸಿದ. ಆಮೇಲೆ ಆಕೆಯನ್ನು ಗೋಡೆಗೆ ತೂಗುಬಿಟ್ಟಿದ್ದ ದೊಡ್ಡ ಅಮೆರಿಕದ ಬಾವುಟದ ಮುಂದೆ ನಿಲ್ಲಿಸಿ, ಒಂದು ಕಡೆ ಪೊರಕೆ, ಇನ್ನೊಂದು ಕಡೆ ನೆಲ ಒರೆಸುವ ಕೋಲು ಇಟ್ಟು ಫೋಟೊ ತೆಗೆದ. ಗ್ರಾಂಟ್ ವುಡ್ ಅನ್ನುವ ಚಿತ್ರಕಾರ 1930ರಲ್ಲಿ ಬರೆದ 'ಅಮೆರಿಕನ್ ಗಾಥಿಕ್' ಅನ್ನುವ ಬಹಳ ಪ್ರಸಿದ್ಧ ಚಿತ್ರವಿದೆ. ಕವಲುಗೋಲು ಹಿಡಿದು ನಿಂತ ಬಿಳಿ ರೈತ, ಪಕ್ಕದಲ್ಲಿ ಒಬ್ಬಳು ಹೆಂಗಸು. ಬಿಳಿ ಅಮೆರಿಕ ತನ್ನನ್ನು ತಾನು ಹಾಗೆ ಕಂಡುಕೊಂಡಿತ್ತು. ಪಾರ್ಕ್ಸ್ ಅದೇ ನಿಲುವಿನಲ್ಲಿ ಸಫಾಯಿ ಕೆಲಸದ ಕಪ್ಪು ಹೆಂಗಸನ್ನು ನಿಲ್ಲಿಸಿ, ಇವರೂ ಅಮೆರಿಕವೇ ಅಂತ ಹೇಳಿದ. ಅದನ್ನು ನೋಡಿ ಸ್ಟ್ರೈಕರ್‌ಗೇ ಗಾಬರಿಯಾಯ್ತಂತೆ, ನಮ್ಮೆಲ್ಲರ ಕೆಲಸ ಕಳೀತೀಯ ಅಂತ.

ಈ ಒಂದು ಫೋಟೊ ಎಲ್ಲರಿಗೂ ಗೊತ್ತು, ಪುಸ್ತಕಗಳಲ್ಲೂ ಇದೆ. ಆದರೆ ನನಗೆ ಮುಖ್ಯ ಅನ್ನಿಸೋದು ಅದರ ನಂತರ ಆದದ್ದು. ಸ್ಟ್ರೈಕರ್ ಅಲ್ಲಿಗೆ ಬಿಡಲಿಲ್ಲ, ಆಕೆಯ ಜೊತೆ ಇನ್ನೂ ಕೆಲಸ ಮಾಡು ಅಂದ. ಪಾರ್ಕ್ಸ್ ಆ ಬೇಸಿಗೆಯಲ್ಲಿ ಆಕೆಯ ಮನೆಗೆ ಹೋದ, ಚರ್ಚಿಗೆ ಹೋದ, ಆಕೆ ದಿನಸಿ ತರುವ ಅಂಗಡಿಗೆ ಹೋದ. ಆ ಸರಣಿಯಲ್ಲಿ ಒಂದು ಚಿತ್ರವಿದೆ. ಮುಂದಿನ ಕೋಣೆಯಲ್ಲಿ ಸಾಕುಮಗಳು ಕೂತಿದ್ದಾಳೆ. ಬಾಗಿಲಿನಾಚೆ ಅಡುಗೆಮನೆಯಲ್ಲಿ ವಾಟ್ಸನ್ ಮೊಮ್ಮಕ್ಕಳ ಜೊತೆ ಇದ್ದಾರೆ. ಒಂದು ಕಡೆ ಮೇಜಿನ ಮೇಲೆ ಕಟ್ಟು ಹಾಕಿಸಿದ ಹಳೇ ಗಂಡಹೆಂಡಿರ ಫೋಟೊ. ಬಾವುಟ ಇಲ್ಲ, ಪೊರಕೆ ಇಲ್ಲ. ಒಂದೇ ಚೌಕಟ್ಟಿನಲ್ಲಿ ಮೂರು ನಾಲ್ಕು ತಲೆಮಾರು ಇದೆ. ಮೊದಲನೆಯದು ಸಿಟ್ಟಿನಿಂದ ಹುಟ್ಟಿದ್ದು, ಒಂದೇ ಏಟಿಗೆ ಅರ್ಥವಾಗುತ್ತೆ. ಎರಡನೆಯದು ಆ ಮನೆಯಲ್ಲಿ ಕೂತು, ಮಕ್ಕಳು ಇವನ ಕಡೆ ನೋಡೋದನ್ನು ಬಿಟ್ಟಮೇಲೆ ಸಿಕ್ಕಿದ್ದು. ಪಾರ್ಕ್ಸ್ ಶೈಲಿ ಅಂತ ಏನಿದೆಯೋ ಅದು ಹುಟ್ಟಿದ್ದು ಈ ಎರಡರ ನಡುವೆ ಅನ್ನೋದು ನನ್ನ ಅಭಿಪ್ರಾಯ. ಆ ಇಲಾಖೆಯಲ್ಲಿ ಡೊರೊಥಿಯಾ ಲ್ಯಾಂಗ್, ವಾಕರ್ ಇವಾನ್ಸ್ ಅಂಥ ಮಹಾಮಹಿಮರು ಕೆಲಸ ಮಾಡಿದ್ದರು. ಅಂಥ ಕಡೆ ಇವನಿಗೆ ಸಿಕ್ಕಿದ್ದು ಬೇರೆ ಯಾರಿಗೂ ಸಿಗದ ಕ್ಯಾಮೆರಾ ಏನಲ್ಲ. ಹಿಂಬಾಗಿಲಿಗೆ ಬಾ ಅನ್ನಿಸಿಕೊಂಡ ಮಧ್ಯಾಹ್ನ ಮಾತ್ರ ಇವನೊಬ್ಬನದ್ದಾಗಿತ್ತು.

ಈಗ ನಮ್ಮ ಕಡೆ ಬರೋಣ. ನಮ್ಮ ಅಜ್ಜ ಮುತ್ತಜ್ಜಂದಿರ ಫೋಟೊ ಎಲ್ಲಿವೆ? ಬಹಳ ಮನೆಗಳಲ್ಲಿ ಒಂದೂ ಇಲ್ಲ. ಇರೋದು ಬ್ರಿಟಿಷರ ಮತ್ತು ಅರಮನೆಯ ಕಾಲದ ಪುಸ್ತಕಗಳಲ್ಲಿ. 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟ ಬಂದವು. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ತಂದ. ಜನರ ತಲೆ ಮೂಗುಗಳನ್ನು ಅಳತೆಪಟ್ಟಿ ಹಿಡಿದು ಅಳೆದ ಮಹಾನುಭಾವ. ನಮ್ಮ ಮೈಸೂರು ಸಂಸ್ಥಾನದಲ್ಲೂ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಹೆಸರಿನಲ್ಲಿ 1928ರಿಂದ 1935ರ ನಡುವೆ ನಾಲ್ಕು ಸಂಪುಟ ಬಂದವು. ಇಂಥ ಪುಸ್ತಕಗಳಲ್ಲಿ ಫೋಟೊ ಕೆಳಗೆ ಸಾಮಾನ್ಯವಾಗಿ ಮನುಷ್ಯರ ಹೆಸರಿರಲ್ಲ. ಜಾತಿಯ ಹೆಸರಿರುತ್ತೆ. ಹೊಲೆಯ, ಮಾದಿಗ, ಗಂಡಸು, ಹೆಂಗಸು, ಗುಂಪು. ಸಾಲಾಗಿ ನಿಲ್ಲಿಸಿದ್ದಾರೆ. ಅವರ ಕಣ್ಣುಗಳನ್ನು ನೋಡಿದರೆ ಯಾರೋ ನಿಲ್ಲು ಅಂದರು, ನಿಂತರು ಅನ್ನೋದು ಗೊತ್ತಾಗುತ್ತೆ. ತಂತ್ರದ ದೃಷ್ಟಿಯಿಂದ ಅಂಥ ಎಷ್ಟೋ ಫೋಟೊಗಳು ಚೆನ್ನಾಗೇ ಇವೆ, ಫೋಕಸ್ ಸರಿ, ಬೆಳಕು ಸರಿ. ಆ ಕಾಲಕ್ಕೆ ಒಳ್ಳೊಳ್ಳೆ ಸಲಕರಣೆ. ಆದರೆ ಅಲ್ಲಿ ನನ್ನ ಮುತ್ತಜ್ಜಿ ಇರಬಹುದು, ಇಲ್ಲದೆಯೂ ಇರಬಹುದು. ಹೆಸರಿಲ್ಲದೆ ನಾನು ಯಾರನ್ನು ಅಂತ ಹುಡುಕಲಿ?

ಇದಕ್ಕೆ ಡು ಬಾಯ್ಸ್ ಉತ್ತರ ಕೊಟ್ಟಿದ್ದು 1900ರಲ್ಲೇ. ಪ್ಯಾರಿಸ್ಸಿನ ವಿಶ್ವ ಮೇಳದಲ್ಲಿ ಕಪ್ಪು ಅಮೆರಿಕನ್ನರ ಬಗ್ಗೆ ಒಂದು ಪ್ರದರ್ಶನವಿತ್ತು. ಅದಕ್ಕೆ ಅವರು 363 ಫೋಟೊಗಳ ಆಲ್ಬಮ್‌ಗಳನ್ನು ಕಟ್ಟಿ ಕಳಿಸಿದರು. ಕೆಲವು ಆಲ್ಬಮ್‌ಗೆ ಬೇಕಂತಲೇ ಜನಾಂಗಶಾಸ್ತ್ರದವರ ಭಾಷೆಯಲ್ಲಿ 'ಅಮೆರಿಕದ ನೀಗ್ರೋಗಳ ಮಾದರಿಗಳು' ಅಂತ ಹೆಸರು. ಮುಖ ಎದುರಿನಿಂದ ಒಂದು, ಪಕ್ಕದಿಂದ ಒಂದು, ಥರ್ಸ್ಟನ್ ಥರದವರು ತೆಗೆಯುವ ಹಾಗೇ. ಆದರೆ ತೆರೆದು ನೋಡಿದರೆ ಇಸ್ತ್ರಿ ಮಾಡಿದ ಕೋಟು, ಕಸೂತಿ ಕಾಲರ್, ಓದಿಕೊಂಡವರ ಗತ್ತು. ಮಾದರಿ ಹುಡುಕಿ ಬಂದವನು ತಬ್ಬಿಬ್ಬಾಗಬೇಕು. ಬಾಬಾಸಾಹೇಬರ ಕೋಟು, ಟೈ, ಕೈಯಲ್ಲಿನ ಪುಸ್ತಕವನ್ನು ನಮ್ಮವರು ಕೇರಿ ಕೇರಿಯಲ್ಲಿ ನಿಲ್ಲಿಸಿದ್ದರಲ್ಲೂ ಇದೇ ಬುದ್ಧಿ ಇದೆ.

ಸಲಕರಣೆ ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳ್ತಿಲ್ಲ. ಸಲಕರಣೆಗೂ ಜಾತಿ ಇದೆ. ಕೋಡಕ್ ಕಂಪನಿ ದಶಕಗಟ್ಟಲೆ ಕಲರ್ ಪ್ರಿಂಟಿನ ಬಣ್ಣ ಸರಿಹೊಂದಿಸಲು ಲ್ಯಾಬ್‌ಗಳಿಗೆ ಒಂದು ಕಾರ್ಡ್ ಕಳಿಸ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಂಗಸಿನ ಫೋಟೊ. 'ಶರ್ಲಿ ಕಾರ್ಡ್' ಅಂತ ಕರೀತಿದ್ದರು. ಆಕೆಯ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ ಅಂತ ಅರ್ಥ. ಕಪ್ಪು ಮಕ್ಕಳು ಬಿಳಿ ಮಕ್ಕಳ ಜೊತೆ ಕ್ಲಾಸ್ ಫೋಟೊಗೆ ನಿಂತರೆ ಇವರ ಮುಖದಲ್ಲಿ ಹಲ್ಲು ಕಣ್ಣು ಬಿಟ್ಟರೆ ಬೇರೇನೂ ಕಾಣಿಸ್ತಿರಲಿಲ್ಲ. ಕೋಡಕ್ ಫಿಲ್ಮನ್ನು ಸುಧಾರಿಸಿದ್ದಕ್ಕೆ ಒಂದು ಕಾರಣ, ತಮ್ಮ ಸರಕಿನ ಕಂದು ಛಾಯೆಗಳು ಫೋಟೊದಲ್ಲಿ ಸರಿಯಾಗಿ ಬರ್ತಿಲ್ಲ ಅಂತ ಚಾಕೊಲೇಟ್ ಮತ್ತು ಪೀಠೋಪಕರಣದ ಕಂಪನಿಗಳು ದೂರಿದ್ದು. ಮಕ್ಕಳ ಮುಖಕ್ಕಿಂತ ಚಾಕೊಲೇಟ್ ಮುಖ್ಯ ಆಯ್ತು ನೋಡಿ! ನಮ್ಮೂರ ಸ್ಟುಡಿಯೋಗಳಲ್ಲಿ ಪಾಸ್‌ಪೋರ್ಟ್ ಫೋಟೊಗೆ ಕೂರಿಸುವ ಮೊದಲು ಮುಖಕ್ಕೆ ಪೌಡರ್ ಹಾಕ್ಕೊ ಅನ್ನುತ್ತಿದ್ದದ್ದು, ಈಗ ಮೊಬೈಲಿನ ಬ್ಯೂಟಿ ಮೋಡ್ ಕೇಳದೇನೇ ನಮ್ಮನ್ನು ಬೆಳ್ಳಗೆ ಮಾಡೋದು, ಎಲ್ಲ ಒಂದೇ ವಂಶ.

ಇದಕ್ಕೆ ಕಲೆಯಲ್ಲಿ ಉತ್ತರ ಹುಡುಕಿದವನು ರಾಯ್ ಡಿಕರಾವ. ಪಾರ್ಕ್ಸ್‌ಗಿಂತಲೂ ನನಗೆ ಹತ್ತಿರದವನು. ನ್ಯೂಯಾರ್ಕಿನ ಹಾರ್ಲೆಮ್ ಕೇರಿಯಲ್ಲಿ 1919ರಲ್ಲಿ ಹುಟ್ಟಿದ. ಒಬ್ಬಳೇ ತಾಯಿ ಸಾಕಿದಳು. ಚಿತ್ರಕಲೆ ಕಲಿತವನು, ತನ್ನ ಚಿತ್ರಗಳಿಗೆ ನೆರವಾಗಲಿ ಅಂತ ಕ್ಯಾಮೆರಾ ಹಿಡಿದು ಕೊನೆಗೆ ಅದರಲ್ಲೇ ಉಳಿದ. 1952ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಪಡೆದ ಮೊದಲ ಕಪ್ಪು ಫೋಟೊಗ್ರಾಫರ್. ನನ್ನ ಜನರನ್ನು ಒಳಗಿನವನ ಕಣ್ಣಿನಿಂದ ತೋರಿಸಬೇಕು ಅನ್ನೋದು ಅವನ ಅರ್ಜಿಯ ಸಾರ.

ಡಿಕರಾವ ಫ್ಲ್ಯಾಶ್ ಹೊಡೀತಿರಲಿಲ್ಲ. ಕೋಣೆಯಲ್ಲಿ ಎಷ್ಟು ಬೆಳಕಿದೆಯೋ ಅಷ್ಟರಲ್ಲೇ. ಪ್ರಿಂಟ್ ಮಾಡುವಾಗಲೂ ಕಪ್ಪನ್ನು ಎತ್ತಿ ಬೆಳ್ಳಗೆ ಮಾಡಲಿಲ್ಲ. ಕಪ್ಪು, ಅದಕ್ಕಿಂತ ಸ್ವಲ್ಪ ತಿಳಿ, ಅದಕ್ಕಿಂತ ಇನ್ನೊಂದು ಚೂರು ತಿಳಿ, ಹೀಗೆ ಕತ್ತಲೆಯ ಒಳಗೇ ಮೆಟ್ಟಿಲು ಕಟ್ಟಿದ. ಮೊದಲ ನೋಟಕ್ಕೆ ಏನೂ ಕಾಣಲ್ಲ. ಅರ್ಧ ನಿಮಿಷ ನಿಂತು ನೋಡಿದರೆ ಕೆನ್ನೆ, ಭುಜ, ಕಿಟಕಿ, ಗೋಡೆ ಒಂದೊಂದಾಗಿ ಎದ್ದು ಬರುತ್ತೆ. ದೀಪ ಹೋದ ಮನೆಯಲ್ಲಿ ಕಣ್ಣು ಹೊಂದಿಕೊಂಡ ಹಾಗೆ. 1953ರ 'ಹಾಲ್‌ವೇ' ಅನ್ನುವ ಫೋಟೊದಲ್ಲಿ ಮನುಷ್ಯರೇ ಇಲ್ಲ. ಬಡವರ ವಠಾರದ ಇಕ್ಕಟ್ಟು ಓಣಿ, ಮಂಕು ದೀಪ, ಅಷ್ಟೇ. ಚಿಕ್ಕಂದಿನಲ್ಲಿ ತಾನು ಬದುಕಿದ ಓಣಿಗಳೇ ಅದರಲ್ಲಿ ಮತ್ತೆ ಕಂಡವು ಅನ್ನುವ ಅರ್ಥದಲ್ಲಿ ಹೇಳಿಕೊಂಡಿದ್ದಾನೆ. ಅಂಥ ಓಣಿಯಲ್ಲಿ ರಾತ್ರಿ ಹೆದರಿಕೊಂಡು ಓಡದ ಮಗು ಆ ಫೋಟೊ ತೆಗೆಯೋಕೆ ಸಾಧ್ಯವಿಲ್ಲ ಅನ್ನಿಸುತ್ತೆ ನನಗೆ, ಎಷ್ಟು ಲಕ್ಷದ ಲೆನ್ಸ್ ಇದ್ದರೂ.

1949ರ 'ಗ್ರಾಜುಯೇಷನ್' ಇನ್ನೊಂದು. ಬಿಳಿ ಗೌನು ತೊಟ್ಟ ಹುಡುಗಿ ಒಬ್ಬಳೇ, ಕಸ ಬಿದ್ದ ಖಾಲಿ ಜಾಗದ ಪಕ್ಕ ನಡೆದು ಹೋಗ್ತಿದ್ದಾಳೆ. ಒಂದು ತುಂಡು ಬಿಸಿಲು, ಮುಂದೆ ನೆರಳು. ಆ ಹುಡುಗಿಯ ಗೌನಿಗೆ ಅವರಮ್ಮ ಎಷ್ಟು ದಿನ ದುಡ್ಡು ಕೂಡಿಟ್ಟಿರಬಹುದು ಅಂತ ನನ್ನ ತಲೆ ಓಡುತ್ತೆ. ನಮ್ಮ ಕೇರಿಯ ಹೆಣ್ಣುಮಕ್ಕಳು ಘಟಿಕೋತ್ಸವಕ್ಕೆ ಹೊರಟು ನಿಂತಾಗ ಹೀಗೇ ಇರುತ್ತಲ್ವಾ?

ಈ ಹಾರ್ಲೆಮ್ ಚಿತ್ರಗಳಿಗೆ ಪ್ರಕಾಶಕರು ಸಿಗಲಿಲ್ಲ. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ನೋಡಿ, ಒಬ್ಬ ಅಜ್ಜಿ ತನ್ನ ಕುಟುಂಬದ ಬಗ್ಗೆ ಹೇಳಿಕೊಳ್ಳುವ ಹಾಗೆ ಒಂದು ಕಥೆ ಹೆಣೆದುಕೊಟ್ಟ. 1955ರಲ್ಲಿ 'ದಿ ಸ್ವೀಟ್ ಫ್ಲೈಪೇಪರ್ ಆಫ್ ಲೈಫ್' ಅಂತ ಸಣ್ಣ ಅಗ್ಗದ ಪುಸ್ತಕವಾಗಿ ಬಂತು. ಕಥೆ ರಕ್ಷಾಪುಟದಿಂದಲೇ ಶುರುವಾಗುತ್ತೆ. ತನ್ನ ಚಿತ್ರಗಳನ್ನು ಬಡತನದ ವರದಿ ಅಂತ, ಸಮಾಜಶಾಸ್ತ್ರ ಅಂತ ಓದುವವರನ್ನು ಕಂಡರೆ ಡಿಕರಾವನಿಗೆ ಆಗ್ತಿರಲಿಲ್ಲ.

ಇಲ್ಲಿಗೆ ಬಂದಾಗ ನನ್ನೊಳಗೇ ಒಂದು ಜಗಳ ಶುರುವಾಗುತ್ತೆ. ನಾನು ಚಳವಳಿಯವನು. ನನಗೆ ಫೋಟೊ ಅಂದರೆ ಮೊದಲು ಪುರಾವೆ. ಕೆ.ಜಿ.ಎಫ್.ನಲ್ಲಿ ಸಫಾಯಿ ಕರ್ಮಚಾರಿಗಳ ಮಗನಾಗಿ ಹುಟ್ಟಿದ ಬೆಜವಾಡ ವಿಲ್ಸನ್ ಅವರನ್ನೇ ತಗೊಳ್ಳಿ. 1993ರಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ ಕಾನೂನು ಬಂದಮೇಲೂ ಅಲ್ಲಿ ಒಣ ಪಾಯಖಾನೆಗಳಿದ್ದವು. ಗಣಿಯ ಆಡಳಿತ ಒಪ್ಪಿಕೊಳ್ಳಲಿಲ್ಲ. ವಿಲ್ಸನ್ ಪಾಯಖಾನೆಗಳ ಮತ್ತು ಕೆಲಸದವರ ಫೋಟೊ ತೆಗೆದು ಡೆಕ್ಕನ್ ಹೆರಾಲ್ಡ್ ಪತ್ರಿಕೆಯಲ್ಲಿದ್ದ ಗೆಳೆಯರಿಗೆ ಕಳಿಸಿದರು. ಅದು ಮುಖಪುಟಕ್ಕೆ ಬಂತು, ವಿಷಯ ಸಂಸತ್ತಿಗೆ ಹೋಯ್ತು, ಆಡಳಿತ ಇದೆ ಅಂತ ಒಪ್ಪಿಕೊಂಡು ಪಾಯಖಾನೆಗಳನ್ನು ಬದಲಿಸಬೇಕಾಯ್ತು, ಕೆಲಸದವರನ್ನು ಬೇರೆ ಕೆಲಸಕ್ಕೆ ಹಾಕಬೇಕಾಯ್ತು. ಆ ಫೋಟೊಗಳಿಗೆ ಶೈಲಿ ಇತ್ತಾ ಅಂತ ಕೇಳೋದೇ ಅಸಂಬದ್ಧ. ಆ ದಿನ ಅವು ಸಾಕ್ಷಿ ಹೇಳಬೇಕಿತ್ತು, ಹೇಳಿದವು.

ಆದರೆ ಪುರಾವೆ ಮಾತ್ರವೇ ನಮ್ಮ ಪಾಲಾದರೆ? ಪತ್ರಿಕೆಯಲ್ಲಿ ದಲಿತರ ಫೋಟೊ ಅಂದರೆ ಸುಟ್ಟ ಗುಡಿಸಲು, ಅಳುವ ತಾಯಿ, ಬಟ್ಟೆ ಮುಚ್ಚಿದ ಹೆಣ. ನಾವು ಸತ್ತರೆ ಫೋಟೊ, ಬದುಕಿದ್ದರೆ ಇಲ್ಲ. ಹೊರಗಿಂದ ಬಂದ ಕ್ಯಾಮೆರಾ ನಮ್ಮ ಗಾಯ ತೆಗೆದುಕೊಂಡು ಸಂಜೆ ಬಸ್ಸಿಗೆ ಹೋಗಿಬಿಡುತ್ತೆ. ನಮ್ಮ ಹುಡುಗರೂ ಕೇರಿಯ ಬಗ್ಗೆ ಅಂದ ಕೂಡಲೇ ಮುರಿದ ಗೋಡೆ, ಮುದುಕಿಯ ಸುಕ್ಕು, ಬರಿಗಾಲಿನ ಮಗು ಹುಡುಕೋಕೆ ಶುರುಮಾಡ್ತಾರೆ. ಸ್ಪರ್ಧೆಯಲ್ಲಿ ಬಹುಮಾನ ಬರೋದೂ ಅದಕ್ಕೇ. ಅದು ನಿನ್ನ ಸ್ಟೈಲ್ ಅಲ್ಲ ತಮ್ಮ, ಥರ್ಸ್ಟನ್ನನ ಮೊಮ್ಮಗನ ಸ್ಟೈಲ್. ನಿಮ್ಮವ್ವ ಹಬ್ಬದ ದಿನ ತಲೆಗೆ ಹೂ ಮುಡಿದು ಕನ್ನಡಿ ನೋಡಿಕೊಳ್ಳುವಾಗ ಹತ್ತಿರ ನಿಲ್ಲೋಕೆ ಅವಕಾಶ ಇರೋದು ನಿನಗೆ ಮಾತ್ರ.

ಈ ಎರಡನ್ನೂ ಒಟ್ಟಿಗೆ ಹಿಡಿದವರು ಇಲ್ಲೇ ಇದ್ದಾರೆ. ಮುಂಬೈನ ಸುಧಾರಕ್ ಓಲ್ವೆ ಪತ್ರಿಕಾ ಫೋಟೊಗ್ರಾಫರ್ ಆಗಿದ್ದುಕೊಂಡು, ಅಲ್ಲಿನ ಪಾಲಿಕೆಯ ಪೌರಕಾರ್ಮಿಕರ ಜೊತೆ ವರ್ಷಗಟ್ಟಲೆ ಓಡಾಡಿ ಕಪ್ಪುಬಿಳುಪಿನಲ್ಲಿ ತೆಗೆದರು. ಗಟಾರದ ಒಳಗಿನ ಮನುಷ್ಯನನ್ನೂ ತೆಗೆದರು, ಅವನ ಮನೆಯನ್ನೂ ತೆಗೆದರು. ಮಧುರೈ ಕಡೆಯ ಪಳನಿಕುಮಾರ್ ಮೀನು ಮಾರುವ ತಾಯಿಯ ಮಗ. ತಮಿಳುನಾಡಿನ ಸಫಾಯಿ ಕಾರ್ಮಿಕರ ಸಾವುಗಳನ್ನು ದಾಖಲಿಸಿದರು, 'ಕಕ್ಕೂಸ್' ಸಾಕ್ಷ್ಯಚಿತ್ರಕ್ಕೆ ಕ್ಯಾಮೆರಾ ಮಾಡಿದರು. ಹಾಗೇ ತನ್ನ ಅಮ್ಮ ನಸುಕಿನಲ್ಲಿ ಎದ್ದು ಮೀನಿಗೆ ಹೋಗೋದನ್ನು, ಬೀದಿದೀಪದ ಬೆಳಕಿನಲ್ಲಿ ದುಡಿಯೋದನ್ನು ತೆಗೆದರು. ಆ ಬೆಳಕು ನೋಡಿದಾಗ ನನಗೆ ಡಿಕರಾವ ನೆನಪಾದ.

ಇನ್ನೊಂದು ವಿಷಯ, ಯಾರೂ ಹೇಳಿಕೊಡಲ್ಲ. ಪಾರ್ಕ್ಸ್ 1956ರಲ್ಲಿ 'ಲೈಫ್' ಪತ್ರಿಕೆಗಾಗಿ ಅಲಬಾಮಾ ರಾಜ್ಯಕ್ಕೆ ಹೋಗಿ, ಪ್ರತ್ಯೇಕತೆಯ ಬದುಕನ್ನು ಕಲರ್‌ನಲ್ಲಿ ತೆಗೆದ. ಸುಂದರವಾದ ಚಿತ್ರಗಳು. ಚೆಂದದ ಉಡುಪು ತೊಟ್ಟ ತಾಯಿ ಮಗುವಿನ ಥರ ಕಾಣುವ ಇಬ್ಬರು, ಅವರ ತಲೆಯ ಮೇಲೆ 'ಕಪ್ಪುಜನರ ಬಾಗಿಲು' ಅನ್ನುವ ನಿಯಾನ್ ಬೋರ್ಡು. ಪತ್ರಿಕೆ ಹೊರಬಂದಮೇಲೆ ಪಾರ್ಕ್ಸ್ ನ್ಯೂಯಾರ್ಕಿನಲ್ಲಿದ್ದ. ಫೋಟೊದಲ್ಲಿದ್ದ ಒಂದು ಕುಟುಂಬ ಮಾತ್ರ ಊರಲ್ಲೇ ಇತ್ತು. ಪತ್ರಿಕೆಯ ಜೊತೆ ಧೈರ್ಯವಾಗಿ ಮಾತಾಡಿದ್ದ ಶಾಲಾ ಶಿಕ್ಷಕಿಯ ಕೆಲಸ ಹೋಯ್ತು, ಬಿಳಿಯರ ಬಹಿಷ್ಕಾರ ತಾಳದೆ ಆ ಕುಟುಂಬ ಊರು ಬಿಟ್ಟಿತು. ಪಾರ್ಕ್ಸ್‌ನಂಥವನು, ನಮ್ಮವನೇ ಆದವನು ತೆಗೆದರೂ ಬೆಲೆ ತೆತ್ತವರು ಫೋಟೊದೊಳಗಿನವರು. ಹಾಗಾಗಿ ತೆಗೆಯುವ ಮೊದಲು ಕೇಳಿ. ತೆಗೆದಮೇಲೆ ತೋರಿಸಿ. ಊರ ಗೌಡನ ಮನೆಯ ಕೂಲಿಗೆ ಹೋಗುವವರ ಮುಖವನ್ನು ಹೋರಾಟದ ಪೋಸ್ಟಿಗೆ ಹಾಕುವಾಗ, ನಾಳೆ ಬೆಳಗ್ಗೆ ಅವರಿಗೆ ಕೂಲಿ ಸಿಗುತ್ತಾ ಅಂತ ಯೋಚಿಸಿ.

ಕ್ಯಾಮೆರಾ ವಿಷಯಕ್ಕೆ ಇಷ್ಟು ಹೇಳ್ತೀನಿ. ಇರುವ ಮೊಬೈಲ್ ಸಾಕು. ಬ್ಯೂಟಿ ಮೋಡ್ ಆಫ್ ಮಾಡಿ. ಬಿಳಿ ಪಂಚೆ, ಸುಣ್ಣದ ಗೋಡೆ ಇದ್ದಲ್ಲಿ ಕ್ಯಾಮೆರಾ ಬಿಳಿಯನ್ನು ನಂಬಿ ನಮ್ಮವರ ಮುಖ ಕಪ್ಪಿಟ್ಟುಬಿಡುತ್ತೆ. ಮುಖದ ಮೇಲೆ ಬೆರಳಿಟ್ಟು ಬೆಳಕನ್ನು ಅಲ್ಲಿಗೆ ಹೊಂದಿಸಿಕೊಳ್ಳಿ, ಗೋಡೆ ಬೆಳ್ಳಗೆ ಕರಗಿಹೋದರೆ ಹೋಗಲಿ. ಒಂದೇ ಮನೆಗೆ, ಒಂದೇ ಜಗುಲಿಗೆ ಆರು ತಿಂಗಳು ಹೋಗಿ. ಫೋಟೊ ಕೆಳಗೆ ಹೆಸರು ಬರೆಯಿರಿ, ಅವರು ಬೇಡ ಅಂದರೆ ಬಿಡಿ. ಒಂದು ಪ್ರತಿ ಪ್ರಿಂಟ್ ಹಾಕಿಸಿ ಅವರಿಗೇ ಕೊಡಿ.

ಎಲ್ಲಾ ವಾಟ್ಸನ್ ಸರಣಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಂಗ್ರಹದಲ್ಲಿದೆ, ನೆಟ್ಟಿನಲ್ಲಿ ಪುಕ್ಕಟೆ ನೋಡಬಹುದು, ಇಳಿಸಿಕೊಳ್ಳಬಹುದು. ಹಾಸ್ಟೆಲಿನಲ್ಲಿ ಪ್ರೊಜೆಕ್ಟರ್ ಇದ್ದರೆ ಒಂದು ಭಾನುವಾರ ಎಲ್ಲ ಕೂತು ನೋಡಿ. ಬಾವುಟದ ಫೋಟೊ ಕೊನೆಗೆ ಹಾಕಿ, ಮೊದಲು ಮನೆಯ ಫೋಟೊಗಳನ್ನು ತೋರಿಸಿ.